ಸಾರಥಿಗೆ ಯಾಕವ್ವಾ ನಡುಕ?

ನಿರೂಪಣೆ ಮಾಡುವವರನ್ನು ನೋಡಲಿಕ್ಕೆ ಅಂತ ಯಾರೂ ಮನೆ ಬಿಟ್ಟು ಬರುವುದಿಲ್ಲ, ಮಗಳೇ. ಮಾತು ಕೊಂಚ ಒರಟಾಯಿತು. ಆದರೆ ನವೆಂಬರ್ 1ರ ಭಾಷಣ ಸ್ಪರ್ಧೆಯ ನಿರೂಪಣೆ ನಿನ್ನ ಪಾಲಿಗೆ ಬಂದಾಗಿನಿಂದ ನಿನಗೆ ಊಟ ಸೇರುತ್ತಿಲ್ಲ ಅಂತ ನಿಮ್ಮಪ್ಪ ಹೇಳಿದ್ದಕ್ಕೆ, ಮೊದಲು ಇದನ್ನೇ ಹೇಳಬೇಕು ಅನ್ನಿಸಿತು. ಆದೋನಿ ಕಡೆಯ ಪೆದ್ದಹರಿವಾಣಂನಲ್ಲಿ ಅವತ್ತು ಶಾಮಿಯಾನದ ಕೆಳಗೆ ಕೂರುವ ಒಬ್ಬೊಬ್ಬರ ಕಣ್ಣೂ ತಮ್ಮ ಮಗುವಿನ ಮೇಲೆ ಇರುತ್ತದೆ. ಒಬ್ಬಳು ತಾಯಿಗೆ ತನ್ನ ಮಗನ ಅಂಗಿ ಗುಂಡಿ ಹಾಕಿದೆಯೋ ಇಲ್ಲವೋ ಅನ್ನುವ ಚಿಂತೆ. ಇನ್ನೊಬ್ಬಳಿಗೆ ತನ್ನ ಮಗಳು ನಡುವೆ ಮರೆತುಬಿಟ್ಟರೆ ಅನ್ನುವ ಚಿಂತೆ. ನಿನ್ನ ಸೀರೆಯ ನಿರಿಗೆ, ನಿನ್ನ ಕೈಯ ನಡುಕ ಗಮನಿಸುವಷ್ಟು ಬಿಡುವು ಅಲ್ಲಿ ಯಾರಿಗೂ ಇಲ್ಲ.

ನಮ್ಮ ಸೀಮೆಯ ದೊಡ್ಡಾಟವನ್ನು ನೀನು ಸರಿಯಾಗಿ ಕಂಡವಳಲ್ಲ. ನಿನ್ನ ಕಾಲಕ್ಕೆ ಅದು ಜಾತ್ರೆಗೊಮ್ಮೆ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಅದರಲ್ಲಿ ಸಾರಥಿ ಅಂತ ಒಬ್ಬ ಇರುತ್ತಾನೆ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ದೊರೆ ಧೂಳೆಬ್ಬಿಸಿ ಕುಣಿದು ರಂಗದ ನಡುವೆ ನಿಂತ ಕೂಡಲೇ ಸಾರಥಿ ಮುಂದೆ ಬಂದು ಕೇಳುತ್ತಾನೆ: ತಾವು ಯಾರು, ಯಾವ ಪಟ್ಟಣದ ಅರಸರು, ಇಲ್ಲಿಗೆ ಬಂದ ಕಾರಣವೇನು? ದೊರೆ ತನ್ನ ಪ್ರತಾಪವನ್ನೆಲ್ಲ ಹೇಳಿಕೊಳ್ಳುತ್ತಾನೆ. ಸಾರಥಿಗೆ ಪ್ರತಾಪ ಇಲ್ಲ, ಕಿರೀಟ ಇಲ್ಲ, ಯುದ್ಧವೂ ಇಲ್ಲ. ಆದರೆ ಅವನಿಲ್ಲದೆ ಆಟ ಒಂದು ಹೆಜ್ಜೆಯೂ ಮುಂದೆ ಹೋಗದು. ಯಾರು ಬಂದರು, ಯಾಕೆ ಬಂದರು ಅಂತ ಜನಕ್ಕೆ ತಿಳಿಸುವವನು ಅವನು. ಪಾತ್ರಧಾರಿ ಮಾತು ಮರೆತರೆ ಇನ್ನೊಂದು ಪ್ರಶ್ನೆ ಕೇಳಿ ಅವನನ್ನು ದಾರಿಗೆ ತರುವವನೂ ಅವನೇ. ದೊರೆಯ ಪಾತ್ರ ಮಾಡುವವನು ಚೌಕಿಯೊಳಗೆ ಬೆವತಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಸಾರಥಿ ಬೆವತಿದ್ದನ್ನು ನೋಡಿದ ನೆನಪಿಲ್ಲ. ಅವನಿಗೆ ಪುರುಸೊತ್ತೇ ಇರುತ್ತಿರಲಿಲ್ಲ ನೋಡು. ಇಡೀ ರಾತ್ರಿ ಬೇರೆಯವರ ಕೆಲಸವೇ ಅವನ ತಲೆಯಲ್ಲಿ ತುಂಬಿರುತ್ತಿತ್ತು.

ನೀನು ಅವತ್ತು ಈ ಸಾರಥಿ. ಮೈಕು ನಿನ್ನ ಕೈಯಲ್ಲಿ ಇದ್ದರೂ ಆಟ ಮಕ್ಕಳದು. ಇಷ್ಟು ಮನಸ್ಸಿಗೆ ಇಳಿದರೆ ಮುಕ್ಕಾಲು ಭಯ ಇಳಿಯುತ್ತದೆ. ಉಳಿದ ಕಾಲು ಭಾಗದ ಬಗ್ಗೆ ಈಗ ಹೇಳುತ್ತೇನೆ.

ಮೊದಲು ಮೈಯ ವಿಷಯ. ಎದೆ ಡವಡವ ಅನ್ನುವುದು, ಬಾಯಿ ಒಣಗುವುದು, ಅಂಗೈ ತಣ್ಣಗಾಗುವುದು, ಇವೆಲ್ಲ ನಿನ್ನ ಹೇಡಿತನದ ಗುರುತಲ್ಲ. ಅಪಾಯ ಇದೆ ಅಂತ ಮಿದುಳಿಗೆ ಅನ್ನಿಸಿದರೆ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ಬೇಕಾಗಬಹುದು ಅಂತ ರಕ್ತ ದೊಡ್ಡ ಸ್ನಾಯುಗಳ ಕಡೆ ಹರಿಯುತ್ತದೆ, ಅದಕ್ಕೇ ಬೆರಳು ತಣ್ಣಗಾಗುವುದು. ಜೊಲ್ಲು ಕಡಿಮೆಯಾಗುತ್ತದೆ, ಅದಕ್ಕೇ ನಾಲಿಗೆ ಅಂಟುವುದು. ಹೊಲದಲ್ಲಿ ಹಾವು ಕಂಡರೂ ಇದೇ, ಮೈಕು ಕಂಡರೂ ಇದೇ; ಮೈಗೆ ಎರಡರ ನಡುವಿನ ಫರಕು ಗೊತ್ತಿಲ್ಲ. ಮಾತು ಶುರುವಾಗಿ ಕೆಲವು ನಿಮಿಷ ಕಳೆದರೆ ಇದು ತಾನಾಗಿಯೇ ತಗ್ಗುತ್ತದೆ. ಅಷ್ಟರವರೆಗೆ ನೀನು ಮಾಡಬಹುದಾದ ಕೆಲಸ ಒಂದೇ: ಉಸಿರನ್ನು ಒಳಗೆ ಎಳೆದುಕೊಂಡಿದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡು. ಐದಾರು ಸಲ ಹೀಗೆ ಮಾಡಿದರೆ ಎದೆಯ ಓಟ ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಬೆಳಗ್ಗೆ ಉಪವಾಸ ಮಾತ್ರ ಇರಬೇಡ. ಉಗ್ಗಾನಿ ತಿನ್ನು, ಪಕ್ಕದ ಮಿರ್ಚಿ ಬಜ್ಜಿಯನ್ನು ಅವತ್ತೊಂದು ದಿನ ತಮ್ಮನಿಗೆ ಕೊಟ್ಟುಬಿಡು. ಗಂಟಲಿಗೂ ಹೊಟ್ಟೆಗೂ ಒಳ್ಳೆಯದು, ಅವನಿಗೂ ಖುಷಿ.

ಇನ್ನೊಂದು ಸಂಗತಿ ನಿನಗೆ ತಿಳಿದಿರಲಿ. ನಮ್ಮೊಳಗಿನ ನಡುಕ ಎದುರಿನವರಿಗೆಲ್ಲ ಕಾಣುತ್ತಿದೆ ಅಂತ ನಮಗೆ ಅನ್ನಿಸುತ್ತದೆ. ಆದರೆ ಅಷ್ಟು ಕಾಣುವುದಿಲ್ಲ. ಅಮೆರಿಕದ ಕೆನೆತ್ ಸವಿಟ್ಸ್ಕಿ, ಥಾಮಸ್ ಗಿಲೊವಿಚ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು 2003ರಲ್ಲಿ ಇದನ್ನು ಪರೀಕ್ಷೆ ಮಾಡಿ ಬರೆದರು. ಭಾಷಣ ಮಾಡಿದ ವಿದ್ಯಾರ್ಥಿಗಳು ತಮ್ಮ ಗಾಬರಿ ಎಷ್ಟು ಕಂಡಿತು ಅಂತ ಅಂದುಕೊಂಡಿದ್ದರೋ, ಕೇಳಿದವರಿಗೆ ಅದಕ್ಕಿಂತ ಕಡಿಮೆ ಕಂಡಿತ್ತು. ಅದಕ್ಕಿಂತ ಚೆಂದದ ವಿಷಯ ಅಂದರೆ, ಹೀಗೆ ಕಾಣುವುದಿಲ್ಲ ಅಂತ ಮೊದಲೇ ತಿಳಿಸಿ ವೇದಿಕೆಗೆ ಕಳಿಸಿದ ವಿದ್ಯಾರ್ಥಿಗಳು ಬೇರೆಯವರಿಗಿಂತ ಚೆನ್ನಾಗಿಯೇ ಮಾತಾಡಿದರು. ಧೈರ್ಯ ತಂದುಕೋ ಅಂತ ಗದರಿಸುವುದಕ್ಕಿಂತ ಇದನ್ನು ಹೇಳುವುದು ಉಪಯೋಗ. ಅದಕ್ಕೇ ನಿನಗೆ ಧೈರ್ಯ ತಂದುಕೋ ಅಂತ ನಾನು ಹೇಳುವುದಿಲ್ಲ.

ರಾಯರ ಮಠಕ್ಕೆ ಹೋದಾಗಲೆಲ್ಲ ಕೇಳುತ್ತೀಯಲ್ಲ, ದಿವಾನ್ ವೆಂಕಣ್ಣನ ಕಥೆ. ಆದೋನಿಯ ಸಿದ್ದಿ ಮಸೂದ್ ಖಾನನ ಕಾಲದ್ದು ಅನ್ನುತ್ತಾರೆ. ದನ ಕಾಯುವ, ಅಕ್ಷರ ಬಾರದ ಹುಡುಗ. ಕುದುರೆ ಮೇಲೆ ಹೋಗುತ್ತಿದ್ದ ನವಾಬನಿಗೆ ದಾರಿಯಲ್ಲಿ ಒಂದು ಕಾಗದ ಬಂತು. ಬ್ರಾಹ್ಮಣರ ಹುಡುಗ, ಓದು ಬರುತ್ತದೆ ಅಂತ ಅದನ್ನು ಇವನ ಕೈಗೆ ಕೊಟ್ಟ. ಬರುವುದಿಲ್ಲ ಅಂದಾಗ ನವಾಬನಿಗೆ ಅದು ಸೊಕ್ಕು ಅನ್ನಿಸಿತು, ಶಿಕ್ಷೆಯ ಮಾತಾಡಿದ. ಹುಡುಗ ರಾಘವೇಂದ್ರಸ್ವಾಮಿಗಳನ್ನು ನೆನೆದು ಕಾಗದ ಬಿಡಿಸಿದ, ಗಡಗಡ ಓದಿಬಿಟ್ಟ, ಮುಂದೆ ದಿವಾನನೇ ಆದ ಅನ್ನುವುದು ಪ್ರತೀತಿ. ಪವಾಡಕ್ಕೆ ನಾನೂ ಕೈ ಮುಗಿಯುವವನೇ, ಅದರ ತಂಟೆಗೆ ಹೋಗುವುದಿಲ್ಲ. ನನಗೆ ಈ ಕಥೆಯಲ್ಲಿ ಹಿಡಿಸುವುದು ನಡುವಿನ ಒಂದು ಗಳಿಗೆ. ಹುಡುಗನ ಕಣ್ಣು ಮೊದಲು ನವಾಬನ ಮುಖದ ಮೇಲೆ ಇತ್ತು. ಆಮೇಲೆ ಗುರುವಿನ ಕಡೆ ತಿರುಗಿತು. ಅಲ್ಲಿಂದ ಕಾಗದಕ್ಕೆ ಬಂತು. ನವಾಬನ ಮುಖವನ್ನೇ ನೋಡುತ್ತಾ ನಿಂತಿದ್ದರೆ ಯಾವ ಗುರು ಬಂದು ಏನು ಮಾಡಬೇಕಿತ್ತು? ನಿನ್ನ ನವಾಬರು ಮುಂದಿನ ಸಾಲಿನಲ್ಲಿ ಕೂರುತ್ತಾರೆ: ಸರ್ಪಂಚರು, ಮಂಡಲದ ಶಿಕ್ಷಣಾಧಿಕಾರಿ ಎಂಇಓ ಸಾಹೇಬರು, ಬಳ್ಳಾರಿಯಿಂದ ಬಂದ ಮುಖ್ಯ ಅತಿಥಿಗಳು. ಅವರಿಗೆ ನಮಸ್ಕಾರ ಮಾಡು, ಆಮೇಲೆ ಕಾಗದಕ್ಕೆ ಬಾ.

ಕಾಗದ ಅಂದೆನಲ್ಲ, ಅದನ್ನು ನೀನೇ ಬರೆಯಬೇಕು. ಯಾರೋ ಕೊಟ್ಟ ಹಳೆಯ ನಿರೂಪಣೆಯ ನೋಟ್‌ಬುಕ್ಕು ಬೇಡ. ಅದರ ತುಂಬಾ ಜ್ಞಾನದೀವಿಗೆ, ಸಾಗರ, ಶಿಖರ ಇರುತ್ತವೆ. ಆ ಪದಗಳು ನಿನ್ನ ನಾಲಿಗೆಗೆ ರೂಢಿಯಿಲ್ಲ, ಗಾಬರಿಯಲ್ಲಿ ಮೊದಲು ಕೈಕೊಡುವುದೇ ಅವು. ಮೊದಲ ಮೂರು ವಾಕ್ಯ ಮಾತ್ರ ಬಾಯಿಪಾಠ ಮಾಡು, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಷ್ಟು. ಉಳಿದದ್ದಕ್ಕೆ ಸಣ್ಣ ರಟ್ಟಿನ ಚೀಟಿಗಳು ಸಾಕು: ಒಂದು ಮಗುವಿಗೆ ಒಂದು ಚೀಟಿ. ಅದರಲ್ಲಿ ಹೆಸರು, ಊರು, ತರಗತಿ, ವಿಷಯ. ಚೀಟಿಗೆ ಅಂಕಿ ಹಾಕು. ಗಾಳಿಗೆ ಹಾರಿದರೂ ಜೋಡಿಸಿಕೊಳ್ಳಬಹುದು.

ಹೆಸರನ್ನು ಮಾತ್ರ ಪಟ್ಟಿ ನೋಡಿ ಬರೆಯಬೇಡ, ಮಗುವಿನ ಬಾಯಿಂದಲೇ ಕೇಳಿ ಬರೆದುಕೋ. ನಮ್ಮ ಕಡೆ ಒಂದೇ ಮಗುವಿಗೆ ರಿಜಿಸ್ಟರಿನಲ್ಲಿ ತೆಲುಗಿನ ರೂಪ, ಮನೆಯಲ್ಲಿ ಕನ್ನಡದ ರೂಪ ಇರುತ್ತದೆ. ಮನೆತನದ ಹೆಸರು ಮುಂದೆ ಬರುತ್ತದೆ, ಅದರ ಮೊದಲ ಅಕ್ಷರ ಮಾತ್ರ ಬರೆದಿರುತ್ತಾರೆ. "ನಿನ್ನನ್ನು ಏನಂತ ಕರೀಲಿ?" ಅಂತ ಕೇಳು. ಅಷ್ಟು ಕೇಳಿದ ಕೂಡಲೇ ಮಗುವಿನ ಮುಖ ಅರಳುತ್ತದೆ. ಕಾರ್ಯಕ್ರಮ ಹತ್ತು ಗಂಟೆಗೆ ಅಂತ ಕರಪತ್ರದಲ್ಲಿ ಅಚ್ಚಾಗಿರುತ್ತದೆ, ಶುರುವಾಗುವುದು ಹನ್ನೊಂದೂವರೆಗೆ. ನವೆಂಬರ್ ಅಂದರೆ ಹತ್ತಿ ಬಿಡಿಸುವ ಕಾಲ. ಜನ ಹೊಲದಿಂದ ಬರಬೇಕು, ಅತಿಥಿಗಳು ಆದೋನಿ ಸೇರಿ ಅಲ್ಲಿಂದ ಬರಬೇಕು. ಕಾಯುವ ಈ ಹೊತ್ತೇ ಭಯ ಬೆಳೆಯುವ ಹೊತ್ತು. ನೀನು ಮೂಲೆಯಲ್ಲಿ ಕೂತು ಚೀಟಿ ಓದುತ್ತಾ ಇದ್ದರೆ ಸತ್ತಂತೆಯೇ. ಮಕ್ಕಳ ನಡುವೆ ಹೋಗಿ ಕೂರು, ಹೆಸರು ಕೇಳು, ನೀರು ಕುಡಿಸು, ಒಂದಕ್ಕೆ ಹೋಗಿ ಬಂದಿರಾ ಅಂತ ವಿಚಾರಿಸು. ಆರನೇ ತರಗತಿಯ ಹುಡುಗನ ಕೈ ಹಿಡಿದುಕೊಂಡರೆ ನಿನ್ನ ಕೈಗಿಂತ ಅವನದು ತಣ್ಣಗಿರುತ್ತದೆ. ಅವನ ಭಯ ನೋಡಿಕೊಳ್ಳುವುದರಲ್ಲಿ ನಿನ್ನದು ಎಲ್ಲಿ ಹೋಯಿತು ಅಂತ ನಿನಗೇ ಗೊತ್ತಾಗುವುದಿಲ್ಲ. ಇದೊಂದು ಮಾತನ್ನು ನನ್ನ ಅನುಭವದ ಮೇಲೆ ಧೈರ್ಯವಾಗಿ ಹೇಳುತ್ತೇನೆ.

ಈಗ ಭಾಷೆಯ ಭಯ. ನೀನು ಬಾಯಿಬಿಟ್ಟು ಹೇಳಿಲ್ಲ, ಆದರೆ ನಿನ್ನ ದೊಡ್ಡ ಭಯ ಇದೇ ಅಂತ ನನಗೆ ಗೊತ್ತು. ಬಳ್ಳಾರಿಯವರು ನಮ್ಮ ಕನ್ನಡ ಕೇಳಿ ನಗುತ್ತಾರೆ, ಕರ್ನೂಲಿನವರು ನಮ್ಮ ತೆಲುಗು ಕೇಳಿ ನಗುತ್ತಾರೆ; ಗಡಿಯಲ್ಲಿ ಹುಟ್ಟಿದ ಮಕ್ಕಳಿಗೆ ಇದು ಎರಡು ಕಡೆಯ ಏಟು. ಸ್ಪರ್ಧೆಯ ಆ ದಿನವೂ ಹಾಗೇ ಎರಡು ಕಡೆಯದು. 1956ರ ನವೆಂಬರ್ 1ರಂದೇ ಆಂಧ್ರಪ್ರದೇಶ ಆಗಿದ್ದು, ಅವತ್ತೇ ಕನ್ನಡದ ಸೀಮೆಗಳು ಕೂಡಿ ವಿಶಾಲ ಮೈಸೂರು ಆಗಿದ್ದು; 1973ರ ಅದೇ ತಾರೀಖಿಗೆ ಅದಕ್ಕೆ ಕರ್ನಾಟಕ ಅಂತ ಹೆಸರಾಯಿತು. ನಮಗೆ ಒಂದೇ ದಿನ ಎರಡು ಹಬ್ಬ. ಆದರೆ ನಾವು ಅದಕ್ಕಿಂತ ಮೂರು ವರ್ಷ ಮೊದಲೇ ಬೇರೆಯಾಗಿದ್ದೆವು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆ ಬಿಟ್ಟು ಹೊಸ ಆಂಧ್ರ ರಾಜ್ಯಕ್ಕೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಹೋಯಿತು. 1926ರಲ್ಲಿ ಬಳ್ಳಾರಿಯಲ್ಲಿ ಫ.ಗು. ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅದು ನಮ್ಮದೇ ಜಿಲ್ಲೆಯ ಸಮ್ಮೇಳನ. ವಿಜಯದಾಸರು ಕೊನೆಗಾಲ ಕಳೆದು 1755ರಲ್ಲಿ ತೀರಿಕೊಂಡ ಚಿಪ್ಪಗಿರಿ ಇವತ್ತಿಗೂ ನಮ್ಮ ಕರ್ನೂಲು ಜಿಲ್ಲೆಯಲ್ಲೇ ಇದೆ. ನಿನ್ನ ಬಾಯಲ್ಲಿ ಇರುವ ಕನ್ನಡ ಎಲ್ಲಿಂದಲೋ ಸಾಲ ತಂದದ್ದಲ್ಲ.

ಅತ್ತ ಬಳ್ಳಾರಿ ರಾಘವರನ್ನು ನೋಡು. 1880ರಲ್ಲಿ ತಾಡಪತ್ರಿಯಲ್ಲಿ ಹುಟ್ಟಿದವರು, ಬಳ್ಳಾರಿಯಲ್ಲಿ ವಕೀಲರು, ತೆಲುಗು, ಕನ್ನಡ, ಇಂಗ್ಲಿಷು ಮೂರರಲ್ಲೂ ನಾಟಕ ಆಡಿದವರು. ಎರಡು ಭಾಷೆ ಒಂದೇ ನಾಲಿಗೆ ಮೇಲೆ ಇದ್ದರೆ ನಿರೂಪಣೆಗೆ ಅದು ಅನುಕೂಲವೇ. ಮುಂದಿನ ಸಾಲಿನಲ್ಲಿ ಕನ್ನಡ ಬಾರದ ಅಧಿಕಾರಿ ಕೂತಿದ್ದರೆ, ಪ್ರತಿ ಹಂತ ಮುಗಿದ ಮೇಲೆ ತೆಲುಗಿನಲ್ಲಿ ಎರಡೇ ವಾಕ್ಯ ಹೇಳು: ಈಗ ಏನಾಯಿತು, ಮುಂದೆ ಯಾರು. ಇಡೀ ನಿರೂಪಣೆಯನ್ನು ಎರಡು ಸಲ ಮಾಡಬೇಡ, ಜನ ಎದ್ದು ಹೋಗುತ್ತಾರೆ. ಕನ್ನಡವನ್ನು ಮನೆಯಲ್ಲಿ ಹಿರಿಯರ ಮುಂದೆ ಮಾತಾಡುವ ಹಾಗೆ ಮಾತಾಡು. ತುಸು ನಿಧಾನ, ತುಸು ಸ್ಪಷ್ಟ, ಅಷ್ಟೇ. ಅತಿಥಿಗಳ ಹೆಸರಿನ ಮುಂದೆ ಸನ್ಮಾನ್ಯ, ಗೌರವಾನ್ವಿತ, ಶ್ರೀಯುತ ಮೂರನ್ನೂ ಪೋಣಿಸುವ ಚಾಳಿ ನಮ್ಮ ವೇದಿಕೆಗಳಿಗೆ ಅಂಟಿಬಿಟ್ಟಿದೆ. ಒಂದು ಸಾಕು. ಮೂರು ಹೇಳಿಸಿಕೊಳ್ಳದಿದ್ದರೆ ಸಿಟ್ಟಾಗುವ ದೊಡ್ಡವರಿದ್ದರೆ ಆ ಸಿಟ್ಟು ಅವರೇ ಇಟ್ಟುಕೊಳ್ಳಲಿ.

ಮೈಕಿನ ಹತ್ತಿರ ಹೋದ ಕೂಡಲೇ ಮಾತು ಶುರು ಮಾಡಬೇಡ. ಮೈಲಾರದ ಕಾರಣಿಕ ಕೇಳಿದ್ದೀಯಾ? ಹೂವಿನಹಡಗಲಿಯ ಆಚೆ, ಭರತ ಹುಣ್ಣಿಮೆ ಆದ ಮೇಲೆ. ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಸುತ್ತ ಕಣ್ಣು ಹೋದಷ್ಟು ದೂರ ಜನ, ಡಮರು, ಗದ್ದಲ. ಅವನು ಮೇಲೆ ನಿಂತು ಆಕಾಶ ನೋಡಿ "ಸದ್ದಲೇ" ಅಂತ ಒಮ್ಮೆ ಕೂಗುತ್ತಾನೆ. ಅಷ್ಟು ಜನವೂ ಬಾಯಿ ಮುಚ್ಚುತ್ತದೆ. ಆಮೇಲೆ ಮುಂದಾಗುವುದನ್ನು ಹೇಳುವ ಒಂದೇ ಒಂದು ವಾಕ್ಯ, ಪರಾಕ್ ಅಂದು ಧುಮುಕಿಬಿಡುತ್ತಾನೆ. ನಮ್ಮ ಹೊಳಗುಂದದ ಕಡೆಯ ದೇವರಗಟ್ಟಿನಲ್ಲೂ ದಸರಾ ರಾತ್ರಿ ಬಡಿಗೆ ಹಿಡಿದು ಕೂಗಾಡಿದ ಜನವೇ ಕಾರಣಿಕದ ಹೊತ್ತಿಗೆ ಕಿವಿಯಾಗಿ ನಿಲ್ಲುತ್ತದೆ. ಗದ್ದಲದ ಮೇಲೆ ಗದ್ದಲ ಮಾಡಿ ಗೆದ್ದವರಿಲ್ಲ. ನೀನು "ಸದ್ದಲೇ" ಅನ್ನಬೇಕಾಗಿಲ್ಲ, ಅಂದರೆ ಹೆಡ್‌ಮಾಸ್ತರು ಗಾಬರಿಯಾಗುತ್ತಾರೆ! ನಮಸ್ಕಾರ ಅಂದು ಸುಮ್ಮನೆ ನಿಲ್ಲು. ಹಿಂದಿನ ಸಾಲಿನ ಒಂದು ಮುಖವನ್ನು ನೋಡು. ಆ ಮೌನ ನಿನಗೆ ಯುಗದಷ್ಟು ಉದ್ದ ಅನ್ನಿಸುತ್ತದೆ. ಜನಕ್ಕೆ ಅದು ಒಂದು ಉಸಿರಿನಷ್ಟೂ ಇರುವುದಿಲ್ಲ. ಮೌನ ಕೂತ ಮೇಲೆ ನಿನ್ನ ಬಾಯಿಪಾಠದ ಮೂರು ವಾಕ್ಯ.

ಮೈಕಿನ ಮರ್ಮ ಒಂದೆರಡು. ಬಾಯಿಂದ ನಾಲ್ಕು ಬೆರಳು ದೂರ ಇರಲಿ. ಊದಬೇಡ, ಬೆರಳಲ್ಲಿ ತಟ್ಟಬೇಡ. ಕುಯ್ಯೋ ಅಂತ ಕಿರುಚಿದರೆ ನಿನ್ನ ತಪ್ಪಲ್ಲ; ಸ್ಪೀಕರ್ ಡಬ್ಬಿಯ ಸದ್ದು ತಿರುಗಿ ಮೈಕಿಗೇ ಹೋಗುತ್ತಿದೆ ಅಂತ ಅರ್ಥ. ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿದರೆ ಇನ್ನೂ ಜೋರಾಗುತ್ತದೆ. ಡಬ್ಬಿಗೆ ಬೆನ್ನು ಮಾಡದೆ, ಅದರ ಮುಂದಿನಿಂದ ಪಕ್ಕಕ್ಕೆ ಸರಿದು ನಿಲ್ಲು. ಬೆಳಗ್ಗೆಯೇ ಮೈಕ್‌ಸೆಟ್ಟಿನ ಹುಡುಗನ ಹತ್ತಿರ ಎರಡು ಮಾತು ಆಡಿರು, ಅವತ್ತಿಡೀ ಅವನೇ ನಿನ್ನ ನಿಜವಾದ ದೋಸ್ತ. ಕರೆಂಟು ಹೋದರೆ ಮಕ್ಕಳನ್ನು ವೇದಿಕೆಯಿಂದ ಇಳಿಸಿ, ಜನರನ್ನು ಹತ್ತಿರಕ್ಕೆ ಕರೆದು ಸ್ಪರ್ಧೆ ಮುಂದುವರಿಸು. ದೊಡ್ಡಾಟದವರು ಮೈಕಿಲ್ಲದೆ ಬೆಳಗಿನವರೆಗೆ ಆಡಿದ ಊರುಗಳು ಇವು.

ಭಾಷಣದ ನಡುವೆ ಒಂದು ಮಗು ಖಂಡಿತ ನಿಂತುಬಿಡುತ್ತದೆ. ಪ್ರತಿ ಸ್ಪರ್ಧೆಯಲ್ಲೂ ಒಬ್ಬರು ಇರುತ್ತಾರೆ. ನಿರೂಪಕಿ ಎಂಥವಳು ಅನ್ನುವುದು ಗೊತ್ತಾಗುವುದು ಆಗಲೇ. ಬಹಳ ಜನ ನಿರೂಪಕರು ಚಪ್ಪಾಳೆ ಅಂತ ಕೂಗಿಬಿಡುತ್ತಾರೆ. ಚಪ್ಪಾಳೆ ಬಿದ್ದ ಕೂಡಲೇ ಮಗುವಿಗೆ ತನ್ನ ಸರದಿ ಮುಗಿಯಿತು ಅನ್ನಿಸುತ್ತದೆ, ಅಳುತ್ತಾ ಇಳಿಯುತ್ತದೆ. ನೀನು ಹಾಗೆ ಮಾಡಬೇಡ. ಹತ್ತು ಎಣಿಸುವಷ್ಟು ಸುಮ್ಮನಿರು, ಎಷ್ಟೋ ಸಲ ಮಗುವಿಗೆ ಮಾತು ತಾನೇ ಸಿಗುತ್ತದೆ. ಸಿಗದಿದ್ದರೆ ನೀರಿನ ಲೋಟ ಹಿಡಿದು ಹತ್ತಿರ ಹೋಗು, ಅದು ಕೊನೆಗೆ ಹೇಳಿದ ವಾಕ್ಯವನ್ನು ಮೆಲ್ಲಗೆ ಕಿವಿಯಲ್ಲಿ ಹೇಳು. ಸಾರಥಿ ಮಾಡುತ್ತಿದ್ದದ್ದೂ ಇದೇ. ಇದಕ್ಕೆ ನೀನು ಪ್ರತಿಯೊಬ್ಬರ ಭಾಷಣವನ್ನೂ ಕಿವಿಗೊಟ್ಟು ಕೇಳುತ್ತಿರಬೇಕು, ಮುಂದಿನ ಚೀಟಿಯ ಚಿಂತೆಯಲ್ಲಿ ಇರಬಾರದು. ಹೀಗೆ ನೆನಪು ಮಾಡಿಕೊಡಬಹುದೋ, ಮತ್ತೆ ಮೊದಲಿಂದ ಶುರು ಮಾಡಲು ಬಿಡುತ್ತೀರೋ, ಅದಕ್ಕೆ ಅಂಕ ಕಡಿಯುತ್ತೀರೋ ಅಂತ ತೀರ್ಪುಗಾರರನ್ನು ಮೊದಲೇ ಕೇಳಿ, ಎಲ್ಲರ ಮುಂದೆ ಹೇಳಿಬಿಟ್ಟಿರು. ಆಮೇಲೆ ಒಂದು ಮಗುವಿಗೆ ಒಂದು ನ್ಯಾಯ ಆಯಿತು ಅಂತ ಪೋಷಕರು ಜಗಳಕ್ಕೆ ಬರುವುದಿಲ್ಲ.

ಒಬ್ಬರ ಭಾಷಣ ಆದ ಮೇಲೆ "ಅದ್ಭುತ", ಇನ್ನೊಬ್ಬರದು ಆದ ಮೇಲೆ ಬರೀ "ಧನ್ಯವಾದ" ಅನ್ನುವುದೂ ಬೇಡ. ಮಕ್ಕಳು ಅದನ್ನು ತೂಕ ಮಾಡುತ್ತಾರೆ. ಎಲ್ಲರಿಗೂ ಒಂದೇ ಮಾತು, ಹೆಸರು ಹಿಡಿದು. ಮಗುವಿನ ಎತ್ತರ, ಬಣ್ಣ, ತೊದಲು, ಅಪ್ಪ ಏನು ಮಾಡುತ್ತಾನೆ ಅನ್ನುವುದರ ಮೇಲೆ ನಗೆಮಾತು ಆಡುವ ನಿರೂಪಕರನ್ನು ಕಂಡಿದ್ದೇನೆ. ಜನ ನಗುತ್ತಾರೆ, ಆ ಮಗು ಮುಂದೆ ಎಂದೂ ವೇದಿಕೆ ಹತ್ತುವುದಿಲ್ಲ. ಇಲ್ಲಿಗೆ ಬರುವ ಮಕ್ಕಳಲ್ಲಿ ಕೆಲವರು ಹಿಂದಿನ ದಿನದವರೆಗೂ ಹತ್ತಿ ಬಿಡಿಸಿದವರು. ಇನ್ನು ಕೆಲವರು ಸ್ವಲ್ಪ ದಿನಕ್ಕೆ ಅಪ್ಪ ಅಮ್ಮನ ಜೊತೆ ಗುಂಟೂರಿನ ಕಡೆಗೆ ಮೆಣಸಿನಕಾಯಿ ಕೊಯ್ಯಲು ಗುಳೆ ಹೋಗುವವರು. ಹೋದರೆ ಶಾಲೆ ತಿಂಗಳುಗಟ್ಟಲೆ ತಪ್ಪುತ್ತದೆ. ಅವರಲ್ಲಿ ಎಷ್ಟೋ ಜನಕ್ಕೆ ಆ ವರ್ಷದಲ್ಲಿ ಮೈಕಿನ ಮುಂದೆ ತಮ್ಮ ಹೆಸರು ಕೇಳುವ ದಿನ ಅದೊಂದೇ. ಆ ಹೆಸರನ್ನು ತಪ್ಪಿಲ್ಲದೆ, ಗಟ್ಟಿಯಾಗಿ, ಹಿಂದಿನ ಸಾಲಿನ ಅಮ್ಮನಿಗೂ ಕೇಳುವ ಹಾಗೆ ಕರೆ.

ನಿನ್ನಿಂದ ತಪ್ಪೂ ಆಗುತ್ತದೆ. ಕ್ರಮ ಅದಲುಬದಲಾಗುತ್ತದೆ, ಒಬ್ಬ ಅತಿಥಿಯ ಹೆಸರು ಬಿಟ್ಟುಹೋಗುತ್ತದೆ. "ಕ್ಷಮಿಸಿ" ಅಂತ ಒಂದು ಸಲ ಹೇಳಿ, ಸರಿ ಮಾಡಿ, ಮುಂದೆ ಹೋಗು. ಅದನ್ನೇ ಮೂರು ಸಲ ಹೇಳುತ್ತಾ ನಿಂತರೆ ಸಭೆ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ, ಅದು ಸಭೆಯ ಕೆಲಸವಲ್ಲ.

ವಂದನಾರ್ಪಣೆ ಚಿಕ್ಕದಿರಲಿ, ಆದರೆ ಬಿಸಿಯೂಟ ಮಾಡಿದ ಅವ್ವಂದಿರು, ಶಾಮಿಯಾನ ಹಾಕಿದವರು, ಮೈಕಿನ ಹುಡುಗ ಅದರಲ್ಲಿ ಇರಲೇಬೇಕು. ಮತ್ತೆ, ಬಹುಮಾನ ಹಂಚುವ ಮೊದಲೇ ಒಂದು ಮಾತು ಮೈಕಿನಲ್ಲಿ ಹೇಳಿಬಿಡು: ಬೇರೆ ಊರಿನ ಮಕ್ಕಳನ್ನು ಕರೆದುಕೊಂಡು ಹೋಗುವ ಆಟೋಗಳು ಎಲ್ಲಿ ನಿಲ್ಲುತ್ತವೆ, ಎಷ್ಟು ಹೊತ್ತಿಗೆ ಹೊರಡುತ್ತವೆ, ಯಾವ ಮೇಷ್ಟ್ರು ಜೊತೆಗೆ ಹೋಗುತ್ತಾರೆ. ಬಹುಮಾನ ಆದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಹೊತ್ತು ಬೇಗ ಮುಳುಗುವ ಕಾಲ ಅದು. ಮಕ್ಕಳ ಚೀಟಿಗಳು ನಿನ್ನ ಕೈಯಲ್ಲೇ ಇರುತ್ತವಲ್ಲ, ಆಟೋ ಹತ್ತಿಸುವಾಗ ಅವನ್ನೇ ಹಿಡಿದು ಒಬ್ಬೊಬ್ಬರ ಹೆಸರು ಕೂಗಿ ಹತ್ತಿಸು.